ಇರುವೆಗಳೂ ಎಸ್ಸಿನಾ ಮಾವ? – ಭಾನುವಾರದ ಇಂಗ್ಲಿಷ್ ಪಾಠ



ಉದ್ದದ ಪೋಸ್ಟು. ಪುರುಸೊತ್ತು ಮಾಡಿಕೊಂಡು ಓದಿ.

ನಮ್ಮ ಕೇರಿಯ ಅಂಬೇಡ್ಕರ್ ಭವನದಲ್ಲಿ ಭಾನುವಾರ ಬೆಳಗ್ಗೆ ನಾನು ಮಕ್ಕಳನ್ನು ಕೂರಿಸಿಕೊಂಡು ಇಂಗ್ಲಿಷ್ ಹೇಳಿಕೊಡ್ತೀನಿ ಅನ್ನೋದು ನಿಮ್ಮಲ್ಲಿ ಕೆಲವರಿಗೆ ಗೊತ್ತು. ನಾನೇನು ಇಂಗ್ಲಿಷ್ ಪಂಡಿತ ಅಲ್ಲ. ಕನ್ನಡ ಮೀಡಿಯಂನಲ್ಲಿ ಬಿ.ಎ. ಮಾಡಿದವನು. ಆಫೀಸಿನಲ್ಲಿ ಟಪಾಲು, ಫೈಲು, ರಿಮೈಂಡರ್ ಅಂತ ಗುಮಾಸ್ತೆ ಕೆಲಸ ಮಾಡ್ಕೊಂಡು ಬಂದವನು. ಗ್ರಾಮರ್ ಕಲಿಸೋಕೆ ಶಾಲೆಯಲ್ಲಿ ಮೇಷ್ಟ್ರುಗಳಿದ್ದಾರೆ. ನಾನು ಮಾಡೋದು ಒಂದೇ ಕೆಲಸ, ಪದಗಳ ಅರ್ಥ ಹೇಳೋದು. ಅದಕ್ಕೊಂದು ನಿಯಮ ಇದೆ. ಪ್ರತಿ ಮಗುವೂ ಆ ವಾರ ಕಿವಿಗೆ ಬಿದ್ದ ಒಂದು ಇಂಗ್ಲಿಷ್ ಪದ ತರಬೇಕು. ಬಸ್ಸಿನಲ್ಲಿ ಕೇಳಿದ್ದೋ, ಬ್ಯಾಂಕಿನಲ್ಲಿ ಯಾರೋ ಗದರಿದ್ದೋ, ಗೋಡೆ ಮೇಲೆ ಬರೆದದ್ದೋ, ಪಾಠದ್ದೋ, ಯಾವುದಾದರೂ ಸರಿ. ಅದರ ಅರ್ಥವನ್ನ ನಮ್ಮ ಮನೆ ಮಾತಿನಲ್ಲಿ ಹೇಳ್ಕೊಬೇಕು.

ಹೋದ ತಿಂಗಳು ಆರನೇ ಕ್ಲಾಸಿನ ಹುಡುಗ ಒಬ್ಬ ಎದ್ದು ನಿಂತು ಕೇಳಿದ: ‘ಮಾವ, ಇರುವೆಗಳೂ ಎಸ್ಸಿನಾ?’

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಆಮೇಲೆ ಗೊತ್ತಾಯ್ತು, ಅವನ ಪುಸ್ತಕದಲ್ಲಿ ಇರುವೆಗಳು ‘ಕಾಲೊನಿ’ಯಲ್ಲಿ ವಾಸ ಮಾಡ್ತವೆ ಅಂತ ಬರೆದಿದೆ. ಅವನು ಹುಟ್ಟಿದಾಗಿನಿಂದ ಕೇಳಿರೋದು ‘ಕಾಲೊನಿ ಹುಡುಗ್ರು’, ‘ಕಾಲೊನಿ ಕಡೆ ನೀರು ಬಿಡಬೇಡ ಈಗ’, ‘ಅವರು ಕಾಲೊನಿಯೋರು’. ನಮ್ಮ ಸೀಮೆಯಲ್ಲಿ ಆ ಪದಕ್ಕೆ ಇರೋದು ಒಂದೇ ಅರ್ಥ. ಡಿಕ್ಷನರಿಯಲ್ಲಿ ಇಲ್ಲದ ಆ ಅರ್ಥ ಅವನಿಗೆ ಆರು ವರ್ಷಕ್ಕೇ ಗೊತ್ತಿತ್ತು. ಅವನ ತರ್ಕದಲ್ಲಿ ತಪ್ಪೇನಿದೆ ಹೇಳಿ?

ಬೋರ್ಡಿನ ಮೇಲೆ ಬರೆದೆ. ಈ ಪದ ಲ್ಯಾಟಿನ್ನಿಂದ ಬಂದದ್ದು. ಮೂಲದಲ್ಲಿ ‘ಕೊಲೋನಸ್’ ಅಂದ್ರೆ ಬೇಸಾಯಗಾರ, ಉಳುವವನು. ರೋಮನ್ನರು ಗೆದ್ದ ನಾಡಿನಲ್ಲಿ ತಮ್ಮ ಹಳೇ ಸೈನಿಕರಿಗೆ ಜಮೀನು ಕೊಟ್ಟು ನೆಲೆ ನಿಲ್ಲಿಸಿದರು, ಆ ಊರುಗಳೇ ಕಾಲೊನಿ. ಆಮೇಲೆ ಬ್ರಿಟಿಷರು ನಮ್ಮ ದೇಶವನ್ನೇ ಕಾಲೊನಿ ಮಾಡಿಕೊಂಡರು, ಸಮಾಜ ಪಾಠದಲ್ಲಿ ಬರುತ್ತೆ. ಗುಂಪಾಗಿ ಬದುಕೋ ಇರುವೆ, ಹಕ್ಕಿಗಳ ಬೀಡಿಗೂ ಅದೇ ಹೆಸರು. ಸರ್ಕಾರ ಸೈಟು ಹಂಚಿ ಮನೆ ಕಟ್ಟಿಸಿಕೊಟ್ಟ ಜಾಗಕ್ಕೂ ಅದೇ. ಬೆಂಗಳೂರು, ಮೈಸೂರಿನಲ್ಲಿ ಗೇಟು, ವಾಚ್‌ಮನ್ ಇಟ್ಟುಕೊಂಡಿರೋ ಸಾಹುಕಾರರ ಬಡಾವಣೆಗೂ ಕಾಲೊನಿ ಅಂತ ಬೋರ್ಡು ಹಾಕಿರ್ತಾರೆ.

‘ಅಲ್ಲಿಗೆ ನಮ್ಮಮ್ಮ ಪಾತ್ರೆ ತೊಳೆಯೋಕೆ ಹೋಗ್ತಾಳೆ’ ಅಂದಳು ಒಂದು ಹುಡುಗಿ. ‘ಆದ್ರೆ ಅವರನ್ನ ಯಾರೂ ಕಾಲೊನಿಯೋರು ಅನ್ನಲ್ಲ.’

ಅದಕ್ಕೆ ನಾನು ಸೇರಿಸಿ ಹೇಳೋದು ಏನೂ ಇರಲಿಲ್ಲ. ಉಳುವವನು ಅನ್ನೋ ಮೂಲ ಅರ್ಥಕ್ಕೆ ಇಡೀ ಊರಲ್ಲಿ ಲಾಯಕ್ಕಾದೋರು ನಾವೇ ಅನ್ನೋದನ್ನ ಮಾತ್ರ ಹೇಳಿದೆ. ಉಳೋದು ನಾವು, ಪಹಣಿಯಲ್ಲಿ ಹೆಸರು ಬೇರೆಯವರದು.

ಮುಂದಿನ ವಾರ ಬಂದ ಪದ ತೀರಾ ಚಿಕ್ಕದು. ‘ಯೂ.’ ಐದನೇ ಕ್ಲಾಸಿನ ಹುಡುಗಿಯ ಅನುಮಾನ ಇಷ್ಟೇ: ಯೂ ಅಂದ್ರೆ ನೀನಾ, ನೀವಾ?

ಒಂದು ಆಟ ಆಡಿಸಿದೆ. ‘ನೀನು ಎಲ್ಲಿಗೆ ಹೋಗ್ತಿದ್ದೀಯ’ ಅನ್ನೋದನ್ನ ನಮ್ಮೂರಲ್ಲಿ ಯಾರು ಯಾರಿಗೆ ಹೆಂಗೆ ಕೇಳ್ತಾರೆ ಹೇಳ್ರಿ ಅಂದೆ. ಶುರುವಾಯ್ತು ನೋಡಿ. ‘ಎಲ್ಲಿಗ್ಲಾ ಹೊಂಟೆ?’ ‘ಎಲ್ಲಿಗಮ್ಮಿ ಹೋಯ್ತಿದ್ದೀ?’ ‘ಎಲ್ಲಿಗೆ ಹೊಂಟ್ರಿ ಸಾ?’ ‘ಬುದ್ಧಿಯೋರು ಎಲ್ಲಿಗೋ ಹೊಂಟಂಗದೆ?’ ಒಂದೊಂದು ವಾಕ್ಯವೂ ಯಾರು ಯಾರಿಗೆ ಹೇಳಿದ್ದು ಅಂತ ಮಕ್ಕಳು ಥಟ್ ಅಂತ ಗುರುತು ಹಿಡಿದರು. ಯಾವ ಮೇಷ್ಟ್ರೂ ಕಲಿಸದೆ ಕಲಿತ ವ್ಯಾಕರಣ ಅದು. ನಮ್ಮ ತಾತನಿಗೆ ಅರವತ್ತು ದಾಟಿದಾಗಲೂ ಜಮೀನ್ದಾರರ ಮನೆಯ ಎಂಟು ವರ್ಷದ ಹುಡುಗ ‘ಬಾರ್ಲಾ’ ಅನ್ನೋನು. ತಾತ ಹೆಗಲ ಮೇಲಿನ ಟವಲ್ಲು ತೆಗೆದು ಕಂಕುಳಿಗೆ ಸಿಗಿಸಿಕೊಂಡು ‘ಬಂದೆ ಬುದ್ಧಿ’ ಅನ್ನೋರು. ನಾನು ಪಕ್ಕದಲ್ಲಿ ನಿಂತಿರ್ತಿದ್ದೆ. ಆ ಹುಡುಗನೂ ನಾನೂ ಒಂದೇ ವಯಸ್ಸು.

ಈ ಎಲ್ಲಾ ವಾಕ್ಯಗಳಿಗೂ ಇಂಗ್ಲಿಷಿನಲ್ಲಿ ಒಂದೇ ವಾಕ್ಯ ಅಂದಾಗ ಮಕ್ಕಳು ಸುಮ್ಮನೆ ಕೂತರು. ಇನ್ನೊಂದು ವಿಷಯ ಹೇಳಿದೆ. ಇಂಗ್ಲಿಷಿನಲ್ಲೂ ಒಂದು ಕಾಲದಲ್ಲಿ ‘ನೀನು’ ಇತ್ತು, ಅದರ ಹೆಸರು ‘ದೌ’. ಆಳಿಗೆ, ಮಕ್ಕಳಿಗೆ, ಸಲುಗೆಯವರಿಗೆ ಅದು. ದೊಡ್ಡೋರಿಗೆ ‘ಯೂ’. ಬರ್ತಾ ಬರ್ತಾ ಆಡುಮಾತಿನಲ್ಲಿ ‘ದೌ’ ಬಿದ್ದುಹೋಯ್ತು, ಎಲ್ಲರಿಗೂ ‘ಯೂ’ ಉಳೀತು. ಅಂದ್ರೆ ಅವರು ‘ನೀನು’ ಬಿಸಾಕಿ ‘ನೀವು’ ಇಟ್ಟುಕೊಂಡರು.

‘ಹಂಗಾದ್ರೆ ಗೌಡ್ರಿಗೂ ಯೂ, ನಮ್ಮಜ್ಜಿಗೂ ಯೂನಾ?’

ಹೂಂ.

‘ನಾಯಿಗೂ ನೀವಾ ಮಾವ?’

ನಾಯಿಗೂ ನೀವೇ ಕಣಪ್ಪ.

ಆ ಖುಷಿ ನೀವು ನೋಡಬೇಕಿತ್ತು. ಅವತ್ತಿಡೀ ಕೇರಿ ತುಂಬಾ ಯೂ ಯೂ ಅಂತ ಕೂಗಾಡಿಕೊಂಡು ಓಡಾಡಿದರು. ಆದ್ರೆ ಇಂಗ್ಲಿಷ್ ಬಂದ ತಕ್ಷಣ ಮರ್ಯಾದೆ ಬರುತ್ತೆ ಅಂತ ನಾನು ಹೇಳಲಿಲ್ಲ. ಎಲ್ಲರಿಗೂ ‘ಯೂ’ ಅನ್ನೋ ದೊರೆಗಳೇ ನಮ್ಮ ಮುದುಕರನ್ನು ‘ಬಾಯ್’ ಅಂತ ಕರೆದು ಬೂಟು ಒರೆಸಿಕೊಂಡರು. ನಮ್ಮ ಆಫೀಸಿನಲ್ಲೂ ನೋಡ್ತೀನಲ್ಲ, ಸಾಹೇಬರ ಎದುರು ಇಂಗ್ಲಿಷಿನ ಪ್ರತಿ ವಾಕ್ಯದ ಬಾಲಕ್ಕೆ ಒಂದು ‘ಸರ್’ ಕಟ್ಟಿರ್ತಾರೆ. ‘ಬುದ್ಧಿ’ ಪ್ಯಾಂಟು ಹಾಕ್ಕೊಂಡು ಬಂದಂಗೆ.

ಈಗ ನಿಜವಾಗಿ ಬರೀಬೇಕು ಅಂತ ಕೂತ ವಿಷಯಕ್ಕೆ ಬರ್ತೀನಿ. ‘ಜಿಎಂ.’

ಎಂಟನೇ ಕ್ಲಾಸಿನ ಹುಡುಗಿಯೊಬ್ಬಳ ಅಕ್ಕ ಸಿಇಟಿ ಬರೆದಿದ್ದಾಳೆ. ಮನೇಲಿ ಮೊಬೈಲಿನಲ್ಲಿ ಕಟ್ ಆಫ್ ಪಟ್ಟಿ ನೋಡ್ತಿದ್ದಾಗ ಇವಳೂ ಇಣುಕಿದ್ದಾಳೆ. ಮೇಲೆ ಸಾಲಾಗಿ 1ಜಿ, 2ಎಜಿ, ಜಿಎಂ, ಎಸ್‌ಸಿಜಿ. ಜಿಎಂ ಅಂದ್ರೇನು ಅಂತ ಅಕ್ಕನ್ನ ಕೇಳಿದ್ದಾಳೆ, ‘ಜನರಲ್ ಮೆರಿಟ್’ ಅಂದಿದ್ದಾಳೆ. ಮೆರಿಟ್ ಅಂದ್ರೆ ಅರ್ಹತೆ, ಯೋಗ್ಯತೆ ಅಂತ ಕ್ಲಾಸಿನ ಗೈಡಿನಲ್ಲಿ ಇದೆ. ನನ್ನ ಮುಂದೆ ಬಂದು ಕೇಳಿದಳು: ‘ಮೆರಿಟ್ ಅಂತ ಅವರ ಹೆಸರಲ್ಲೇ ಬರ್ಕೊಂಡವ್ರಲ್ಲ, ನಮ್ಮ ಹೆಸರಲ್ಲಿ ಯಾಕಿಲ್ಲ?’

ಹದಿಮೂರು ವರ್ಷದ ಹುಡುಗಿ, ಗೆಳೆಯರೇ.

ಮೊದಲು ‘ಜನರಲ್’ ಹಿಡಿದೆ. ಜನರಲ್ ಸ್ಟೋರ್ ಅಂದ್ರೆ? ಎಲ್ಲಾ ಸಾಮಾನೂ ಸಿಗೋ ಅಂಗಡಿ. ಜನರಲ್ ಆಸ್ಪತ್ರೆ ಅಂದ್ರೆ? ಎಲ್ಲಾ ಕಾಯಿಲೆಗೂ, ಎಲ್ಲರಿಗೂ. ಜನರಲ್ ಬೋಗಿ? ಯಾರು ಬೇಕಾದರೂ ಹತ್ತಬಹುದು, ಜಾಗ ಸಿಕ್ಕಿದರೆ. ಹಂಗಾದ್ರೆ ಜನರಲ್ ಸೀಟು ಅಂದ್ರೆ? ಮಕ್ಕಳು ಒಂದೇ ಬಾಯಲ್ಲಿ ‘ಗೌಡ್ರು, ಲಿಂಗಾಯಿತರು, ಬ್ರಾಹ್ಮಣರು’ ಅಂದರು. ನೋಡಿ, ಇಲ್ಲಿಗೆ ಬಂದ ತಕ್ಷಣ ‘ಎಲ್ಲರೂ’ ಅನ್ನೋ ಅರ್ಥ ಮಾಯ. ಮಕ್ಕಳ ತಲೇಲಿ ಮಾತ್ರ ಅಲ್ಲ. ನಮ್ಮ ಆಫೀಸಿನಲ್ಲಿ, ಡಿಗ್ರಿ ಓದಿದೋರ ಬಾಯಲ್ಲಿ, ‘ನೀವು ಎಸ್ಸಿನಾ ಜನರಲ್ಲಾ’ ಅಂತ ಅದನ್ನೊಂದು ಜಾತಿ ಥರಾನೇ ಕೇಳ್ತಾರೆ.

ಕಾನೂನಿನಲ್ಲಿ ಹಂಗಿಲ್ಲ. ಜಿಎಂ ಅನ್ನೋದು ಯಾರ ಕೋಟಾನೂ ಅಲ್ಲ, ಜಾತಿ ನೋಡದೆ ರ‍್ಯಾಂಕ್ ಮೇಲೆ ಎಲ್ಲರಿಗೂ ತೆರೆದ ಸೀಟು. ನಮ್ಮ ಹುಡುಗಿಗೆ ಆ ರ‍್ಯಾಂಕ್ ಬಂದರೆ ಅವಳಿಗೆ ಜಿಎಂ ಸೀಟೇ ಸಿಗಬೇಕು, ಅದನ್ನ ಎಸ್‌ಸಿ ಲೆಕ್ಕಕ್ಕೆ ಹಾಕಂಗಿಲ್ಲ. 1992ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಇಂದ್ರಾ ಸಾಹ್ನಿ ಕೇಸಿನಲ್ಲಿ ಇದನ್ನ ಹೇಳಿದೆ. ಇದನ್ನೆಲ್ಲಾ ರೈಲಿನ ಲೆಕ್ಕದಲ್ಲೇ ಹೇಳಿದೆ. ಜನರಲ್ ಬೋಗಿ ಎಲ್ಲರದೂ, ಅದರಲ್ಲಿ ನಮ್ಮನ್ನ ತಲೆತಲಾಂತರದಿಂದ ಹತ್ತಿಸಿಕೊಳ್ಳಲಿಲ್ಲ, ಅದಕ್ಕೆ ಬಾಬಾಸಾಹೇಬರು ಇನ್ನೊಂದು ಬೋಗಿ ಸೇರಿಸಿದರು. ಆ ಬೋಗಿ ಇದೆ ಅಂತ ಜನರಲ್ ಬೋಗಿಯಲ್ಲಿ ನಮ್ಮ ಹಕ್ಕು ಹೋಗಲ್ಲ.

ಇನ್ನು ‘ಮೆರಿಟ್.’ ಇದು ಕಷ್ಟದ ಪದ. ಅರ್ಹತೆ ಅಂತ ಬರೆಸಿ ಬಿಟ್ಟರೆ ಆ ಹುಡುಗಿ ಅದನ್ನ ಜೀವಮಾನವಿಡೀ ಕೊರಳಿಗೆ ಕಟ್ಟಿಕೊಂಡು ಓಡಾಡ್ತಾಳೆ. ಹಾಗಾಗಿ ಅವರನ್ನೇ ಕೇಳಿದೆ. ಬೆಳಗ್ಗೆ ಐದಕ್ಕೆ ಎದ್ದು ನೀರು ಹಿಡಿದು, ತಮ್ಮನಿಗೆ ಊಟ ಕಟ್ಟಿ, ಎರಡು ಮೈಲಿ ನಡೆದು ಶಾಲೆಗೆ ಹೋಗಿ ನೂರಕ್ಕೆ ಎಪ್ಪತ್ತು ತೆಗೆದವಳು, ಟ್ಯೂಷನ್ನು, ಕಾರು, ಬೇರೆ ರೂಮು ಎಲ್ಲಾ ಇದ್ದು ಎಂಬತ್ತು ತೆಗೆದವನು, ಇಬ್ಬರಲ್ಲಿ ಯಾರದು ಹೆಚ್ಚು? ಮಕ್ಕಳು ಜಗಳಕ್ಕೇ ಬಿದ್ದರು. ಕೆಲವರು ಎಂಬತ್ತೇ ದೊಡ್ಡದು ಅಂದರು, ಲೆಕ್ಕ ಲೆಕ್ಕಾನೇ ಅಂತ. ಇರಲಿ. ನಾನು ತೀರ್ಪು ಕೊಡಲಿಲ್ಲ. ಆ ಪದ ಕೇಳಿದ ತಕ್ಷಣ ಜಗಳ ಆಡಬಹುದು ಅನ್ನೋದು ಗೊತ್ತಾದರೆ ಅವತ್ತಿಗೆ ಸಾಕಿತ್ತು. ಕೊನೆಗೆ ಆ ಹುಡುಗಿ ನೋಟ್‌ಬುಕ್ಕಿನಲ್ಲಿ ಏನು ಬರ್ಕೊಂಡಳು ಅಂತ ಇಣುಕಿದೆ. ‘ಜನರಲ್ ಅಂದ್ರೆ ನಾನೂ’ ಅಂತ ಬರೆದಿದ್ದಳು.

ಮೆರಿಟ್ಟಿನ ಹಿಂದೇನೇ ‘ವೀಕರ್’ ಬಂತು. ಶಾಲೆಯಲ್ಲಿ ‘ವೀಕ್ ಸ್ಟೂಡೆಂಟ್’ ಅಂತ ಬೈಸಿಕೊಂಡ ಹುಡುಗ ತಂದದ್ದು. ವೀಕ್ ಅಂದ್ರೆ ದುರ್ಬಲ, ವೀಕರ್ ಅಂದ್ರೆ ಹೆಚ್ಚು ದುರ್ಬಲ. ಸರ್ಕಾರದ ಭಾಷೆಯಲ್ಲಿ ಯಾರು ವೀಕರ್ ಗೊತ್ತೇನ್ರೋ ಅಂತ ಎರಡು ಅಂಕಿ ಬರೆದೆ. 2019ರಲ್ಲಿ ಬಂದ ಇಡಬ್ಲ್ಯುಎಸ್ ಮೀಸಲಾತಿಗೆ ಕುಟುಂಬದ ವರಮಾನ ವರ್ಷಕ್ಕೆ 8 ಲಕ್ಷದೊಳಗೆ ಇರಬೇಕು, ಅದು ನಮ್ಮನ್ನ, ಹಿಂದುಳಿದವರನ್ನ ಹೊರಗಿಟ್ಟು ಮಾಡಿದ್ದು. ನಮ್ಮ ಮಕ್ಕಳಿಗೆ ಕೇಂದ್ರದ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್ ಸಿಗಬೇಕಾದರೆ ವರಮಾನ 2.5 ಲಕ್ಷ ದಾಟಂಗಿಲ್ಲ. ಅಷ್ಟೇ ಬರೆದೆ. ಅಂಕಿ ನೋಡಿ ಆ ಹುಡುಗ ‘ಹಂಗಾದ್ರೆ ಎಂಟು ಲಕ್ಷ ಇರೋನು ನನಗಿಂತ ವೀಕಾ?’ ಅಂತ ಕೇಳಿದ. ಉತ್ತರ ನೀವೇ ಕೊಡಿ.

‘ಷೆಡ್ಯೂಲ್ಡ್’ ಪದಾನೂ ಹಿಂಗೇ. ಬಸ್ಸಿನ ಷೆಡ್ಯೂಲು, ಎಸ್‌ಸಿಯ ಷೆಡ್ಯೂಲು ಎರಡೂ ಒಂದೇನಾ ಅಂತ ಕೇಳಿದರು. ಒಂದೇ. ಷೆಡ್ಯೂಲ್ ಅಂದ್ರೆ ಪಟ್ಟಿ. ಬಸ್ಸುಗಳ ಪಟ್ಟಿ ಅದು, ಜಾತಿಗಳ ಪಟ್ಟಿ ಇದು. 1935ರ ಕಾಯ್ದೆಯಲ್ಲಿ ಆ ಹೆಸರು ಬಂತು, 1936ರಲ್ಲಿ ಪಟ್ಟಿ ಹೊರಟಿತು, ಸಂವಿಧಾನ ಬಂದ ಮೇಲೆ 1950ರಲ್ಲಿ ಹೊಸ ಆದೇಶ ಆಯ್ತು. ಕರ್ನಾಟಕದ ಪಟ್ಟಿಯಲ್ಲಿ 101 ಜಾತಿಗಳಿವೆ. ತಮಾಷೆ ಅಂದ್ರೆ, ಇಂಗ್ಲಿಷ್ ಪದ ಬಿಡಿಸಿದ್ದು ಎರಡು ನಿಮಿಷದಲ್ಲಿ, ಕನ್ನಡದ್ದು ಬಿಡಿಸೋಕೆ ಅರ್ಧ ಗಂಟೆ. ‘ಪರಿಶಿಷ್ಟ’ ಅನ್ನೋದು ‘ವಿಶಿಷ್ಟ’ ಥರ ಏನೋ ದೊಡ್ಡದು ಅಂದ್ಕೊಂಡಿದ್ದರು ಮಕ್ಕಳು. ಸಂಸ್ಕೃತದ ಆ ಪದಕ್ಕೆ ಪುಸ್ತಕದ ಕೊನೆಗೆ ಸೇರಿಸೋ ಅನುಬಂಧ, ಉಳಿದದ್ದು ಅಂತ ಅರ್ಥ. ಕನ್ನಡ ಅಂತ ಹೇಳಿ ನಮಗೆ ಕೊಟ್ಟಿರೋ ಎಷ್ಟೋ ಪದಗಳು ನಮ್ಮ ಅವ್ವಂದಿರಿಗೆ ಇಂಗ್ಲಿಷಿಗಿಂತ ದೂರ.

ಹಂಗಂತ ನಾನು ಕನ್ನಡ ದ್ರೋಹಿ ಅಂತ ಯಾರಾದರೂ ಕಾಮೆಂಟಿಗೆ ಬರ್ತಾರೆ, ಗೊತ್ತು. 1973ರಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದಿದ್ದಕ್ಕೆ ಏನಾಯ್ತು, ಹಾಸ್ಟೆಲಿನಲ್ಲಿದ್ದ ನಮ್ಮ ಹುಡುಗರು ಏನೇನು ಅನುಭವಿಸಿದರು, ಮಂತ್ರಿ ಪದವಿ ಹೆಂಗೆ ಹೋಯ್ತು ಅನ್ನೋದು ನಮ್ಮ ಚಳವಳಿಯ ಮನೆ ಕಥೆ. ನಾನು ಪಾಠ ಮಾಡೋದು ಕನ್ನಡದಲ್ಲೇ, ಅದೂ ಕೇರಿ ಕನ್ನಡದಲ್ಲಿ. ಇಂಗ್ಲಿಷ್ ಪದಕ್ಕೆ ನಮ್ಮ ಅಜ್ಜಿ ಮಾತಿನಲ್ಲಿ ಅರ್ಥ ಸಿಕ್ಕಿದ ದಿನ ಎರಡೂ ಭಾಷೆ ಆ ಮಗುವಿನದಾಗ್ತವೆ. ಕನ್ನಡ ಉಳಿಸಿ ಅಂತ ನಮಗೆ ಹೇಳಿ ತಮ್ಮ ಮಕ್ಕಳನ್ನ ಕಾನ್ವೆಂಟಿಗೆ ಬಿಟ್ಟು ಬರೋರ ಹತ್ತಿರ ನನಗೆ ವಾದ ಇಲ್ಲ.

ನಮ್ಮಲ್ಲೇ ಇನ್ನೊಂದು ಗುಂಪಿದೆ, ಇಂಗ್ಲಿಷ್ ಬಂದರೆ ಸಾಕು ಜಾತಿ ಹೋಗುತ್ತೆ ಅನ್ನೋದು. ಅವರ ಆಸೆ ನನಗೆ ಅರ್ಥ ಆಗುತ್ತೆ. ಚಂದ್ರಭಾನ್ ಪ್ರಸಾದ್ ಅವರು ಉತ್ತರ ಪ್ರದೇಶದ ಬಂಕಾ ಗ್ರಾಮದಲ್ಲಿ ಇಂಗ್ಲಿಷ್ ದೇವಿಗೆ ಗುಡಿ ಕಟ್ಟಿಸಲು ಹೊರಟಾಗ ನಾನೂ ಮೆಚ್ಚಿಕೊಂಡು ಓದಿದ್ದೆ. ಆದ್ರೆ ಹದಿನೈದು ದಿನದ ಹಿಂದೆ ಒಬ್ಬ ಹುಡುಗ ತಂದ ಪದ ಕೇಳಿ. ಮೊಬೈಲಿನಲ್ಲಿ ನಾಯಿಗಳ ವೀಡಿಯೊ ನೋಡಿದ್ದಾನೆ, ನಮ್ಮ ಬೀದಿ ನಾಯಿ ಜಾತಿಗೆ ‘ಇಂಡಿಯನ್ ಪರಾಯಾ ಡಾಗ್’ ಅಂತ ಹೆಸರು. ಪರಾಯಾ ಅಂದ್ರೇನು ಮಾವ?

ತಮಿಳಿನಲ್ಲಿ ‘ಪರೈ’ ಅಂದ್ರೆ ತಮಟೆಯಂಥ ವಾದ್ಯ. ಅದನ್ನ ಬಾರಿಸೋ ಜನ ಅಂತ ಪರೈಯರ್. ಅಲ್ಲಿ ಅವರು, ಇಲ್ಲಿ ನಾವು. ಆ ಜನರ ಹೆಸರು ಇಂಗ್ಲಿಷಿಗೆ ಹೋಗಿ ‘ಯಾರಿಗೂ ಬೇಡದವನು, ಹೊರಗಿಟ್ಟವನು’ ಅನ್ನೋ ಅರ್ಥದಲ್ಲಿ ಡಿಕ್ಷನರಿಯಲ್ಲಿ ಕೂತಿದೆ. ಯಾರೂ ಸಾಕದ ನಾಯಿಗೂ ಅದೇ ಹೆಸರಿಟ್ಟರು. ಇವತ್ತೂ ದೇಶ ದೇಶಗಳ ಜಗಳದ ಸುದ್ದಿಯಲ್ಲಿ ಆ ಪದ ಧಾರಾಳವಾಗಿ ಬಳಸ್ತಾರೆ, ಅದೊಂದು ಬದುಕಿರೋ ಜನರ ಹೆಸರು ಅನ್ನೋ ಪರಿವೆ ಇಲ್ಲದೆ. ಆ ಹುಡುಗನ ಅಣ್ಣ ಒಳ್ಳೇ ತಮಟೆ ಕಲಾವಿದ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಡಿಕ್ಷನರಿ ಅರ್ಥದ ಪಕ್ಕದಲ್ಲೇ ‘ವಾದ್ಯ ಬಾರಿಸೋರ ಹೆಸರು, ಅದನ್ನ ಬೈಗುಳ ಮಾಡಿದ್ದಾರೆ’ ಅಂತ ಬರೆಸಿದೆ. ಪರೀಕ್ಷೆಗೆ ಬರಲ್ಲ, ಇರಲಿ.

ಪರೀಕ್ಷೆಗೆ ಬರದಿದ್ದರೂ ದುಡ್ಡಿಗೆ ಬರೋ ಪದ ಒಂದಿದೆ, ಇದನ್ನ ದಯವಿಟ್ಟು ಎಲ್ಲರೂ ನಿಮ್ಮ ನಿಮ್ಮ ಕೇರಿಯಲ್ಲಿ ಹೇಳಿ: ‘ಸೀಡಿಂಗ್.’ ಒಂಬತ್ತನೇ ಕ್ಲಾಸಿನ ಹುಡುಗಿಗೆ ಎರಡು ವರ್ಷದ ಸ್ಕಾಲರ್‌ಶಿಪ್ ಬಂದಿರಲಿಲ್ಲ. ತಾಯಿ ಕೂಲಿ ಬಿಟ್ಟು ನಾಲ್ಕು ಸಲ ಬ್ಯಾಂಕಿಗೆ ಹೋಗಿದ್ದಾರೆ. ಪ್ರತಿ ಸಲವೂ ಕೌಂಟರಿನಲ್ಲಿ ‘ಆಧಾರ್ ಸೀಡ್ ಆಗಿಲ್ಲ’ ಅಂತ ಒಂದೇ ಮಾತು. ‘ಲಿಂಕ್ ಮಾಡ್ಸಿದ್ದೀನಿ ಸ್ವಾಮಿ’ ಅಂತ ಈ ತಾಯಿ. ಇಬ್ಬರೂ ಹೇಳ್ತಿದ್ದದ್ದು ನಿಜ. ಖಾತೆಗೆ ಆಧಾರ್ ನಂಬರು ಸೇರಿಸೋದು ಲಿಂಕು. ಸರ್ಕಾರದ ಹಣ ಈ ಆಧಾರಿನವರಿಗೆ ಯಾವ ಬ್ಯಾಂಕಿಗೆ ಹೋಗಬೇಕು ಅಂತ ನ್ಯಾಷನಲ್ ಪೇಮೆಂಟ್ಸ್ ಕಾರ್ಪೊರೇಷನ್ನಿನ ಪಟ್ಟಿಯಲ್ಲಿ ನಮೂದಾಗೋದು ಸೀಡಿಂಗು. ಹತ್ತು ಖಾತೆ ಇದ್ದರೂ ಒಂದು ಆಧಾರಿಗೆ ಆ ಪಟ್ಟಿಯಲ್ಲಿ ಒಂದೇ ಬ್ಯಾಂಕು, ಕೊನೆಯಲ್ಲಿ ಸೀಡ್ ಮಾಡಿಸಿದ್ದು. ಸೀಡ್ ಅಂದ್ರೆ ಬೀಜ ಅಂತ ಹುಡುಗಿಗೆ ಗೊತ್ತಿತ್ತು. ಬೀಜ ಯಾವ ಹೊಲದಲ್ಲಿ ಬಿದ್ದಿದೆಯೋ ಬೆಳೆ ಅಲ್ಲೇ ಬರೋದು, ನೀವು ಬೇರೆ ಹೊಲದಲ್ಲಿ ಕಾಯ್ತಾ ಕೂತಿದ್ದೀರಿ ಅಂದೆ. ಆಧಾರ್ ವೆಬ್‌ಸೈಟಿನಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ನೋಡಿದರೆ, ಅವಳ ಅಜ್ಜಿ ಊರಿನಲ್ಲಿ ಎಂದೋ ತೆಗೆದಿದ್ದ ಖಾತೆಯ ಬ್ಯಾಂಕಿನ ಹೆಸರು. ಎರಡು ವರ್ಷದ ಹಣವೂ ಅಲ್ಲೇ ಬಿದ್ದಿತ್ತು. ಕೌಂಟರಿನಲ್ಲಿದ್ದವರು ಆ ಒಂದು ಪದವನ್ನ ಒಂದು ನಿಮಿಷ ಬಿಡಿಸಿ ಹೇಳಿದ್ದರೆ ಆ ತಾಯಿಯ ಮೂರು ದಿನದ ಕೂಲಿ ಉಳೀತಿತ್ತು.

ಕಡೆಗೆ ‘ಅಜಿಟೇಟ್.’ ಇದು ನಾನೇ ತಂದ ಪದ. ಭವನದ ಗೋಡೆ ಮೇಲೆ ‘ಶಿಕ್ಷಣ, ಸಂಘಟನೆ, ಹೋರಾಟ’ ಅಂತ ದೊಡ್ಡದಾಗಿ ಬರೆಸಿದ್ದೀವಿ. 1942ರಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ಇಂಗ್ಲಿಷಿನಲ್ಲಿ ಹೇಳಿದಾಗ ಕ್ರಮ ಬೇರೆ ಇತ್ತು. ಎಜುಕೇಟ್ ಆದ ಮೇಲೆ ಅಜಿಟೇಟ್, ಆಮೇಲೆ ಆರ್ಗನೈಸ್. ಇದರ ಬಗ್ಗೆ ನಮ್ಮೊಳಗೆ ಚರ್ಚೆ ಹಳೇದು. ಅಜಿಟೇಟ್ ಅನ್ನೋದಕ್ಕೆ ಧರಣಿ, ರಸ್ತೆ ತಡೆ ಅಂತ ಮಾತ್ರ ಅರ್ಥ ಮಾಡಿದರೆ ಅದನ್ನ ಕೊನೆಗೆ ಹಾಕಬೇಕು ಅನ್ನಿಸುತ್ತೆ, ಜನ ಸೇರದೆ ಧರಣಿ ಹೆಂಗೆ ಅಂತ. ಆದ್ರೆ ಆ ಪದದ ಮೂಲ ಅರ್ಥ ಕಲಕೋದು, ಕಡೆಯೋದು. ಬಟ್ಟೆ ಒಗೆಯೋ ಮೆಷಿನ್ನಿನ ಒಳಗೆ ನೀರು ತಿರುವೋ ಭಾಗಕ್ಕೂ ಅಜಿಟೇಟರ್ ಅಂತಾನೇ ಹೆಸರು. ಮಕ್ಕಳಿಗೆ ಮಜ್ಜಿಗೆ ಕಡೆಯೋದನ್ನ ತೋರಿಸಿದೆ, ಅವರಿಗೆ ಅಷ್ಟು ಸಾಕಾಯ್ತು. ಓದಿದ್ದು ತಲೆಯೊಳಗೆ ಕಡೆದಾಡಬೇಕು, ಇರುವೆಗಳೂ ಎಸ್ಸಿನಾ ಅಂತ ಕೇಳಿಸಬೇಕು. ಅಂಥವರು ನಾಲ್ಕು ಜನ ಸೇರಿದರೆ ಅದು ಸಂಘಟನೆ. ನನ್ನ ಅಭಿಪ್ರಾಯ ಇದು, ಒಪ್ಪದ ಹಿರಿಯರು ಬಯ್ಯಬಹುದು. ಗೋಡೆ ಬರಹ ಬದಲಾಯಿಸೋಣ್ವಾ ಅಂತ ಹುಡುಗರು ಕೇಳ್ತಿದ್ದಾರೆ. ಪೇಂಟಿಗೆ ದುಡ್ಡು ಹೊಂದಿಸಬೇಕು.

ಮುಂದಿನ ಭಾನುವಾರಕ್ಕೆ ಮಕ್ಕಳು ಈಗಾಗಲೇ ಚೀಟಿ ಕೊಟ್ಟಿದ್ದಾರೆ. ‘ಹೌಸ್‌ಕೀಪಿಂಗ್’ (ಅವ್ವ ಮಾಲ್‌ನಲ್ಲಿ ಮಾಡೋ ಕೆಲಸ), ‘ಒಟಿಪಿ’, ‘ಔಟ್‌ಸೋರ್ಸ್’, ‘ಯೂಸ್ ಅಂಡ್ ಥ್ರೋ’. ಈ ಕೊನೇದನ್ನ ಕೊಟ್ಟ ಹುಡುಗ ಚೀಟಿಯ ಹಿಂದೆ ಬರೆದಿದ್ದಾನೆ: ಊರ ಹೋಟ್ಲಲ್ಲಿ ಅವರಿಗೆ ಗಾಜಿನ ಲೋಟ, ನಮಗೆ ಮಾತ್ರ ಇದು. ಅವತ್ತು ಬೆಳಗ್ಗೆ ಒಂಬತ್ತಕ್ಕೆ ಬಿಡುವಿರೋ ಗೆಳೆಯರು, ಅದರಲ್ಲೂ ವಕೀಲ ಗೆಳೆಯರು, ಬಂದರೆ ಒಳ್ಳೇದು. ಹಳೇ ಇಂಗ್ಲಿಷ್–ಕನ್ನಡ ಡಿಕ್ಷನರಿ ಮನೇಲಿ ಸುಮ್ಮನೆ ಬಿದ್ದಿದ್ದರೆ ತನ್ನಿ, ನಮ್ಮ ಹತ್ತಿರ ಇರೋದು ಎರಡೇ, ಮಕ್ಕಳು ಇಪ್ಪತ್ತಾರು.